ಕೊರಳ ಬಟ್ಟೆ ಬಿಚ್ಚದ ಥಾಮಸೀನ್

ಹೆಂಗಸರು ಬರೆದ ಪುಸ್ತಕಗಳನ್ನು ನಾನು ಓದಿದ್ದಕ್ಕಿಂತ ಹೊಲಿದದ್ದೇ ಹೆಚ್ಚು. ನನ್ನ ಗಂಡ ಜಾಬೆಜ್ ಕ್ರಿಪ್ಸ್ ಲಂಡನ್ನಿನ ಲಿಟಲ್ ಬ್ರಿಟನ್ ಬೀದಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವನು. ಹಾಳೆ ಮಡಿಸುವುದು, ದಾರ ಹಾಕುವುದು ನನ್ನ ಪಾಲು. ಮಡಿಸುವಾಗ ಮೊದಲ ಪುಟ ಕಣ್ಣಿಗೆ ಬಿದ್ದೇ ಬೀಳುತ್ತದೆ. ಗಂಡಸರ ಪುಸ್ತಕ ಹೇಗಾದರೂ ಶುರುವಾಗಲಿ, ಹೆಂಗಸರದ್ದು ಮಾತ್ರ ಚಾರ್ಲ್ಸ್ ದೊರೆಯ ಪಾದಕ್ಕೆ ಬಿದ್ದೇ ಶುರುವಾಗುತ್ತಿತ್ತು. ದೊಡ್ಡ ಮನೆತನದವಳು ತನ್ನ ಪದ್ಯಗಳನ್ನು ಮಖಮಲ್ಲಿನಲ್ಲಿ ಕಟ್ಟಿಸಿ ಅರಮನೆಗೆ ಕಳಿಸುತ್ತಿದ್ದಳು. ನಾಟಕ ಬರೆಯುವವಳು ದೊರೆ ಒಮ್ಮೆ ನಕ್ಕರೆ ಸಾಕು ಎನ್ನುತ್ತಿದ್ದಳು. ದೊರೆಯ ಅಪ್ಪನ ಕಾಲದ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು ಪುಟಕ್ಕೊಂದು ಸಲ ಅಳುತ್ತಿದ್ದಳು. ಬರೆಯುವ ನೆಪದಲ್ಲಿ ಕಡಲಾಚೆ ಹೋಗಿ, ದೊರೆಗೆ ಗುಟ್ಟು ತಂದುಕೊಟ್ಟು ಬರುವವರೂ ಇದ್ದಾರೆಂದು ಕಾಫಿ ಅಂಗಡಿಯಲ್ಲಿ ಗುಸುಗುಸು. ಹಾಗಾಗಿ ಹೆಂಗಸೊಬ್ಬಳು ಬರೆದು ಹೊಟ್ಟೆ ಹೊರೆಯುತ್ತಾಳೆ ಎಂದರೆ ನಮ್ಮ ಬೀದಿಯವರು ಏನು ಬರೆದಳೆಂದು ಕೇಳುತ್ತಿರಲಿಲ್ಲ, ಯಾರು ಸಾಕುತ್ತಿದ್ದಾರೆಂದು ಕೇಳುತ್ತಿದ್ದರು.

ನಮ್ಮ ಅಟ್ಟದ ಕೋಣೆಯಲ್ಲಿ ಬಾಡಿಗೆಗಿದ್ದ ಥಾಮಸೀನ್ ಪೆಲ್ ವಿಷಯದಲ್ಲಿ ಈ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳಿದವಳು ನಾನೇ. ಅನುಮಾನ ನನ್ನ ಹುಟ್ಟುಗುಣ. ಅದಕ್ಕೆ ನನಗೆ ನಾಚಿಕೆಯೇನೂ ಇಲ್ಲ. ಇವತ್ತು ಬೀದಿಯವರೆಲ್ಲ ಅವಳನ್ನು ‘ದೊರೆಯ ಗೂಢಚಾರಿಣಿ’ ಎಂದೇ ನೆನೆಯುತ್ತಾರೆ. ಅದು ಹಸಿ ಸುಳ್ಳು. ಅದರ ಹಿಂದಿನ ನಿಜ ಪೂರ್ತಿ ಬಲ್ಲವಳು ಈಗ ನಾನೊಬ್ಬಳೇ ಉಳಿದಿದ್ದೇನೆ. ಬಾಯಿಬಿಟ್ಟು ಹೇಳುವುದಿಲ್ಲ ಎಂದು ಬೈಬಲ್ ಮುಟ್ಟಿ ಆಣೆ ಮಾಡಿದ್ದೇನೆ, ಬರೆಯುವುದಿಲ್ಲ ಎಂದು ಮಾಡಿಲ್ಲ. ಯಾರ ಕಿವಿಗೆ ಇದು ಬೀಳಬಾರದೋ ಆ ಹುಡುಗಿಗೆ ಓದು ಬಾರದು.

ಥಾಮಸೀನ್ ವ್ಯಾಪಿಂಗಿನ ಹಡಗುಪಟ ಹೊಲಿಯುವವನ ಮಗಳು. ಚಿಕ್ಕವಳಿದ್ದಾಗ ಕತ್ತಿನ ಸುತ್ತ ಗಂಡಮಾಲೆ ಎದ್ದಿತ್ತು. ಗಂಟು ಗಂಟಾಗಿ ಊದಿ, ಒಡೆದು, ಕೀವು ಸುರಿಯುವ ಆ ರೋಗಕ್ಕೆ ನಮ್ಮಲ್ಲಿ ದೊರೆಬೇನೆ ಎಂದೇ ಹೆಸರು. ಪಟ್ಟಕ್ಕೆ ಬಂದ ದೊರೆ ಕೈಯಿಂದ ಸವರಿದರೆ ಅದು ವಾಸಿಯಾಗುತ್ತದೆ. ಚಾರ್ಲ್ಸ್ ದೊರೆ ದೇಶಭ್ರಷ್ಟನಾಗಿದ್ದವನು ತಿರುಗಿ ಬಂದು ಸಿಂಹಾಸನ ಏರಿದ ವರ್ಷ ಅಪ್ಪ ಅವಳನ್ನು ಹೆಗಲ ಮೇಲೆ ಹೊತ್ತು ವೈಟ್‌ಹಾಲ್ ಅರಮನೆಗೆ ಒಯ್ದ. ದೊರೆ ಎರಡೂ ಕೈಯಿಂದ ಅವಳ ಕೆನ್ನೆ ಕೊರಳು ಸವರಿ, ಬಿಳಿ ರಿಬ್ಬನ್ನಿಗೆ ಪೋಣಿಸಿದ ಚಿನ್ನದ ಬಿಲ್ಲೆಯನ್ನು ಕೊರಳಿಗೆ ಹಾಕಿದ. ಒಂದು ಮಗ್ಗುಲಲ್ಲಿ ರೆಕ್ಕೆಯ ದೇವದೂತ, ಇನ್ನೊಂದರಲ್ಲಿ ಹಡಗು. ಆ ಬಿಲ್ಲೆಯನ್ನು ಕೊರಳಿಂದ ತೆಗೆಯಬಾರದು, ತೆಗೆದರೆ ಬೇನೆ ತಿರುಗಿ ಬರುತ್ತದೆ. ಹುಡುಗಿಗೆ ವಾಸಿಯಾಯಿತು. ದೊಡ್ಡವಳಾಗಿ, ಮದುವೆಯಾಗಿ, ಗಂಡನನ್ನು ಡಚ್ಚರ ಮೇಲಿನ ಕಡಲ ಯುದ್ಧಕ್ಕೆ ಕಳಿಸಿ ವಿಧವೆಯಾದ ಮೇಲೆ ಅವಳು ಅದನ್ನೇ ಹಾಡು ಕಟ್ಟಿದಳು.

ಹುಣ್ಣಾದ ಕೊರಳನ್ನ ಹೂವಂತೆ ಸವರಿದ
ಚಿನ್ನದ ಕೈಯ ದೊರೆರಾಯ, ಆ ಮುಟ್ಟ
ಮಣ್ಣಾಗೋವರೆಗೂ ಮರೆತೇನ?

ಒಂದೇ ಹಾಳೆಯಲ್ಲಿ ಅಚ್ಚಾದ ಹಾಡು. ಕೆಳಗೆ ‘ವಾಸಿಯಾದ ಒಬ್ಬ ಹುಡುಗಿ’ ಎಂದಷ್ಟೇ ಇತ್ತು, ಹೆಸರಿಲ್ಲ. ದೊರೆ ರೋಗಿಗಳನ್ನು ಮುಟ್ಟುವ ದಿನಗಳಲ್ಲಿ ಅರಮನೆಯ ಬಾಗಿಲಲ್ಲಿ ಸಾಲುಗಟ್ಟಿ ನಿಂತ ತಾಯಂದಿರು ಅದನ್ನು ಕೊಂಡು, ಮಕ್ಕಳಿಗೆ ಧೈರ್ಯಕ್ಕೆಂದು ಹಾಡಿಸುತ್ತಿದ್ದರು. ಥಾಮಸೀನಳ ಬಟಾಣಿ ಗಂಜಿ, ಚೀಸಿನ ತುಂಡು, ಅಟ್ಟದ ಬಾಡಿಗೆ ಎಲ್ಲ ಆ ಹಾಡಿನಿಂದಲೇ ನಡೆಯುತ್ತಿತ್ತು. ಪಂಚಾಂಗಕ್ಕೆ ಪದ್ಯ, ನಾಟಕಕ್ಕೆ ಮುನ್ನುಡಿ ಅಂತ ಏನೇನೋ ಬರೆದು ಕೊಡುತ್ತಿದ್ದಳು, ಆದರೆ ಊರು ಕೇಳಿದ್ದು ಆ ಹಾಡನ್ನೇ.

ನಮ್ಮ ಮನೆಗೆ ಅವಳು ಬಂದದ್ದು ಒಳಸಂಚುಗಳ ಕಾಲದಲ್ಲಿ. ದೊರೆಗೆ ರಾಣಿಯಲ್ಲಿ ಮಕ್ಕಳಿರಲಿಲ್ಲ. ಅವನ ನಂತರ ಅವನ ತಮ್ಮನಿಗೆ ಪಟ್ಟ ಬೇಡವೆಂದು ಅರ್ಧ ಊರು, ಬೇಕೆಂದು ಇನ್ನರ್ಧ. ದೊರೆಗೆ ಹೊರಗಿನವಳಲ್ಲಿ ಹುಟ್ಟಿದ ಮಗನೊಬ್ಬ ತಾನೂ ಗಂಡಮಾಲೆ ಮುಟ್ಟಿ ವಾಸಿಮಾಡುತ್ತೇನೆಂದು ಊರೂರು ಸುತ್ತುತ್ತಿದ್ದ. ಯಾರು ಮುಟ್ಟಿದರೆ ಹುಣ್ಣು ಒಣಗುತ್ತದೋ ಅವನದೇ ನಿಜವಾದ ರಾಜರಕ್ತ ಎಂದು ಜನ ಪಂದ್ಯ ಕಟ್ಟುತ್ತಿದ್ದರು. ಪಕ್ಕದ ಮೇಜಿನವನು ಯಾರ ಕಡೆಯವನೆಂದು ತಿಳಿಯದೆ ಕಾಫಿ ಕುಡಿಯುವುದೂ ಕಷ್ಟವಾಗಿತ್ತು. ಅಂಥ ಹೊತ್ತಿನಲ್ಲಿ ದೊರೆಯನ್ನು ಹೊಗಳಿ ಬದುಕುವ ಹೆಂಗಸು, ದೊರೆಯನ್ನು ಬಯ್ಯುವ ಕರಪತ್ರಗಳು ಹೊಲಿಗೆಗೆ ಬರುವ ನಮ್ಮ ಮನೆಗೇ ಬಂದು ಇಳಿದರೆ ಏನೆಂದುಕೊಳ್ಳಬೇಕು?

“ಬಾಡಿಗೆ ಮುಂಗಡ ಕೊಟ್ಟವ್ಳೆ, ನಿಂಗ್ಯಾಕೆ ತಲೆನೋವು?” ಎಂದ ಜಾಬೆಜ್. ಅವನ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು. ಗೋಂದಿಗೆ ಒಂದಕ್ಕೆರಡು ನೀರು ಬೆರೆಸುವ ಮಹಾ ಜುಗ್ಗ ಅವನು. ಅಚ್ಚಿನಲ್ಲಿ ಕೆಟ್ಟ ಹಾಳೆ ಒಂದನ್ನೂ ಬಿಸಾಡದೆ ಮೂಲೆಯಲ್ಲಿ ಒಟ್ಟಿಟ್ಟುಕೊಳ್ಳುತ್ತಿದ್ದ.

“ಮುಂಗಡ ಕೊಟ್ಟೋರ ಮೇಲೇ ಅನುಮಾನ ಪಡ್ಬೇಕು,” ಅಂದೆ ನಾನು. “ನೆಟ್ಟಗಿರೋ ಬಾಡಿಗೆದಾರರು ಎಲ್ಲಾದ್ರೂ ಮುಂಗಡ ಕೊಡ್ತಾರಾ?”

ಗಮನವಿಟ್ಟು ನೋಡಿದೆ. ಎರಡು ಸಂಗತಿ ನನ್ನ ಕಣ್ಣಿಗೆ ಚುಚ್ಚಿದವು. ಒಂದು, ಅವಳ ಕೊರಳ ಬಟ್ಟೆ. ಗದ್ದದ ತನಕ ಸುತ್ತಿ, ಹಿಂದೆ ಗಂಟು ಹಾಕಿರುತ್ತಿದ್ದಳು. ಬಿಸಿಲಿಗೆ ನಾಯಿಗಳು ನಾಲಗೆ ಚಾಚಿ ಮಲಗುವ ದಿನಗಳಲ್ಲೂ ಅದು ಸಡಿಲವಾಗುತ್ತಿರಲಿಲ್ಲ. ದೊರೆ ಮುಟ್ಟಿ ವಾಸಿಯಾದವರು ಎಷ್ಟೋ ಜನ ನಮಗೆ ಗೊತ್ತು. ಅವರೆಲ್ಲ ಒಂದು ಲೋಟ ಬಿಯರಿಗೆ ಕಲೆ ತೋರಿಸಿ ಕಥೆ ಹೇಳುವವರು. ಇವಳು ಮಾತ್ರ ಬಿಲ್ಲೆಯ ತುದಿಯನ್ನೂ ತೋರಿಸಲಿಲ್ಲ. ಇನ್ನೊಂದು, ಪ್ರತಿ ಗುರುವಾರ ಬೆಳಿಗ್ಗೆ ಹೇಳದೆ ಕೇಳದೆ ಹೊರಟು, ಊಟದ ಹೊತ್ತಿಗೆ ಮುಖ ಬಿಳಿಚಿಕೊಂಡು ಬರುತ್ತಿದ್ದಳು. ಎಲ್ಲಿಗೆ ಎಂದರೆ, “ಕೆಲ್ಸ ಇತ್ತು ಉರ್ಸುಲಕ್ಕ,” ಎಂದು ಮೆಟ್ಟಿಲು ಹತ್ತುತ್ತಿದ್ದಳು.

ಎದುರುಮನೆಯ ಮೇಣಬತ್ತಿಯವನ ಹೆಂಡತಿ ಬ್ರಿಜೆಟ್ ಹಾಕ್ಸ್‌ಗೆ ಮಾತ್ರ ಥಾಮಸೀನ್ ಎಂದರೆ ಪ್ರಾಣ. ಅವಳ ಮಗಳು ಹೆಸ್ಟರಳ ಕತ್ತಿನಲ್ಲೂ ಗಂಟುಗಳು ಎದ್ದಿದ್ದವು. ಹುಡುಗಿ ಯಾವಾಗಲೂ ತಲೆ ಒಂದು ಪಕ್ಕಕ್ಕೆ ವಾಲಿಸಿಕೊಂಡು ನಡೆಯುತ್ತಿದ್ದಳು. ಬೀದಿಯ ಮಕ್ಕಳು ಅವಳ ಜೊತೆ ಆಡುತ್ತಿರಲಿಲ್ಲ. ಥಾಮಸೀನಳ ಹಾಡು ಕೇಳಿದ ಮೇಲೆ ಬ್ರಿಜೆಟ್‌ಗೆ ನಂಬಿಕೆ ಬಂತು. ಹುಡುಗಿಯನ್ನು ದೊರೆ ಮೊದಲು ಮುಟ್ಟಿಲ್ಲ ಎಂದು ಪಾದ್ರಿಯ ಹತ್ತಿರ ಚೀಟಿ ಬರೆಸಿಕೊಂಡು, ಅರಮನೆಯ ವೈದ್ಯನಿಗೆ ಹುಣ್ಣು ತೋರಿಸಿ ಸರದಿ ಹಿಡಿದಳು. ಥಾಮಸೀನ್ ತಾನೇ ಜೊತೆಗೆ ಹೋಗಿ, ಹೆದರಿ ಗುಬ್ಬಚ್ಚಿಯಂತಾಗಿದ್ದ ಹುಡುಗಿಯ ಕೈ ಹಿಡಿದು ಸಾಲಿನಲ್ಲಿ ನಿಂತಳು.

ಬಿಲ್ಲೆ ಹಾಕಿಸಿಕೊಂಡು ಬಂದ ಹೆಸ್ಟರ್ ನಮ್ಮ ಅಂಗಡಿಗೆ ಓಡಿ ಬಂದಳು. “ಥಾಮಸೀನ್ ಚಿಕ್ಕಮ್ಮ, ದೊರೆ ಕೈ ಬೆಚ್ಚಗಿತ್ತು! ನಿಂಗೂ ಬೆಚ್ಚಗಿತ್ತಾ?”

“ಹ್ಞೂ ಕಣೇ. ಆಗ ತಾನೇ ಬೇಯಿಸಿದ ಮೊಟ್ಟೆ ಥರ.”

“ನಂಗೂ ನಿನ್ ಥರಾನೇ ವಾಸಿ ಆಗುತ್ತಾ?”

“ನನ್ ಥರಾನೇ.”

“ತೋರ್ಸು, ನಿನ್ ಕತ್ತು ತೋರ್ಸು.”

“ದೊರೆ ಮುಟ್ಟಿದ್ ಜಾಗಾನ ಎಲ್ರಿಗೂ ತೋರಿಸ್ಬಾರ್ದು ಕಂದ,” ಎಂದು ಥಾಮಸೀನ್ ಬಟ್ಟೆಯ ಅಂಚನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡಳು. ಹಾಗೊಂದು ನಿಯಮವಿದೆ ಎಂದು ನಾನಂತೂ ಕೇಳಿರಲಿಲ್ಲ.

ಹುಡುಗಿಯ ಹುಣ್ಣು ನಿಧಾನವಾಗಿ ಒಣಗತೊಡಗಿತು. ತಲೆ ನೆಟ್ಟಗಾಯಿತು. ಬೆಳಿಗ್ಗೆ ಎದ್ದ ಕೂಡಲೇ ಬಿಲ್ಲೆಗೆ ಮುತ್ತಿಟ್ಟು, ಹಾಡು ಹೇಳಿ, ಆಮೇಲೆ ಗಂಜಿ ಕುಡಿಯುತ್ತಿದ್ದಳು. ಬ್ರಿಜೆಟ್ ಅಟ್ಟಕ್ಕೆ ಒಳ್ಳೆಯ ಮೇಣಬತ್ತಿಗಳನ್ನು ಪುಕ್ಕಟೆ ಕಳಿಸುತ್ತಿದ್ದಳು.

ಇಷ್ಟರಲ್ಲಿ ಒಂದು ದಿನ ದೊರೆಯ ಕಡೆಯ ತಪಾಸಣೆಯವರು ನಮ್ಮ ಅಂಗಡಿಗೆ ನುಗ್ಗಿದರು. ದೊರೆಯ ತಮ್ಮನಿಗೆ ಪಟ್ಟ ಕೂಡದು ಎಂಬ ಕರಪತ್ರವನ್ನು ಹೊಲಿದವನು ಇವನೇ ಎಂದು ಜಾಬೆಜ್‌ನನ್ನು ಗೋಂದು ಮೆತ್ತಿದ ಕೈಯಲ್ಲೇ ಎಳೆದೊಯ್ದರು. ಅದನ್ನು ಬುಟ್ಟಿಯಲ್ಲಿ ಹೊತ್ತು ಮಾರುತ್ತಿದ್ದ ಬ್ರಿಜೆಟ್‌ಳ ತಮ್ಮನೂ ಅಂದೇ ಸಿಕ್ಕಿಬಿದ್ದ. ಅವನನ್ನು ಚೌಕದಲ್ಲಿ ಕುತ್ತಿಗೆ ಕೈ ಮರದ ಹಲಗೆಗೆ ಸಿಕ್ಕಿಸಿ ನಿಲ್ಲಿಸಿದರು. ಜನ ಎಸೆದ ಕಲ್ಲಿಗೆ ಅವನ ಒಂದು ಕಣ್ಣು ಹೋಯಿತು.

ಯಾರೋ ಹೇಳಿಕೊಟ್ಟಿದ್ದಾರೆ. ಹೇಳಿಕೊಡದೆ ಅಷ್ಟು ನೇರವಾಗಿ ನಮ್ಮ ಬಾಗಿಲಿಗೇ ಹೇಗೆ ಬಂದಾರು? ಬೀದಿಯವರೆಲ್ಲ ತಲೆಯೆತ್ತಿ ನಮ್ಮ ಅಟ್ಟದ ಕಿಟಕಿ ನೋಡಿದರು. ನಾನೂ ನೋಡಿದೆ. ಬೇರೆ ಯಾರಿದ್ದರು? ದೊರೆಯ ಉಪ್ಪು ತಿಂದವಳು, ಹೊಲಿಗೆಯ ಮೇಜಿನ ಪಕ್ಕದಲ್ಲೇ ದಿನಾ ಓಡಾಡುವವಳು, ಗುರುವಾರ ಗುರುವಾರ ಮಾಯವಾಗುವವಳು.

ಮುಂದಿನ ಗುರುವಾರ ನಾನು ಅವಳ ಹಿಂದೆ ಹೊರಟೆ. ಪಶ್ಚಿಮಕ್ಕೆ, ಅರಮನೆಯ ಕಡೆಗೆ ತಿರುಗುತ್ತಾಳೆ ಎಂದುಕೊಂಡಿದ್ದೆ. ಅವಳು ಸೇತುವೆ ಹಿಡಿದು ಹೊಳೆಯಾಚೆಯ ಸದರ್ಕಿಗೆ ನಡೆದಳು. ಚರ್ಮ ಹದಮಾಡುವವರ ಗಬ್ಬು ಗಲ್ಲಿಯಲ್ಲಿ, ಬೇರು ನಾರು ಅರೆಯುವ ಮುದುಕಿಯೊಬ್ಬಳ ಮನೆಯೊಳಗೆ ಹೋದಳು. ಓಹೋ, ಗುಟ್ಟು ಕೈ ಬದಲಾಯಿಸುವುದು ಇಲ್ಲಿಯೇ ಅಂದುಕೊಂಡು ಬಾಗಿಲ ಸಂದಿಗೆ ಕಣ್ಣಿಡಲು ಬಾಗಿದೆ.

“ಒಳಗೇ ಬಾ ಉರ್ಸುಲಕ್ಕ,” ಎಂದಿತು ಥಾಮಸೀನಳ ದನಿ. “ಸೇತುವೆಯಿಂದ ನಿನ್ನ ಮರದ ಮೆಟ್ಟಿನ ಸದ್ದು ಕೇಳ್ತಾನೇ ಇದೀನಿ.”

ಒಳಗೆ ಹೋದೆ. ಅವಳು ಸ್ಟೂಲಿನ ಮೇಲೆ ಕೂತಿದ್ದಳು. ಕೊರಳ ಬಟ್ಟೆ ತೊಡೆಯ ಮೇಲಿತ್ತು. ಕಿವಿಯ ಕೆಳಗಿನಿಂದ ಕೊರಳೆಲುಬಿನ ತನಕ ಗಂಟುಗಳು, ಒಂದರ ಪಕ್ಕ ಒಂದು. ಎರಡು ಬಾಯಿ ಬಿಟ್ಟಿದ್ದವು. ಮುದುಕಿ ಅದಕ್ಕೆ ಸೊಪ್ಪು ಮೆತ್ತುತ್ತಿದ್ದಳು. ಅದೇ ಹುಣ್ಣುಗಳ ನಡುವೆ, ಹಳೆಯ ರಿಬ್ಬನ್ನಿನಲ್ಲಿ ದೊರೆಯ ಚಿನ್ನದ ಬಿಲ್ಲೆ ನೇತಾಡುತ್ತಿತ್ತು.

ಬಾಗಿಲು ಮುಚ್ಚಿ, ಅವಳ ಹತ್ತಿರ ಹೋಗಿ ಬಗ್ಗಿ ನೋಡಿದೆ.

“ಬಿಲ್ಲೆ ತೆಗೆದಿದ್ಯೇನೇ?” ಎಂದೆ.

“ಒಂದ್ ದಿನಾನೂ ಇಲ್ಲ. ಮದುವೆ ದಿನ ಅದೇ ನನ್ ಒಡವೆ. ಹಾಡು ಅಚ್ಚಾದ ಮರುವರ್ಷ ಒಂದ್ ಗಂಟು ಎದ್ದಿತು, ಆಮೇಲೆ ಇಷ್ಟು.”

“ಅಲ್ಲಾ, ಹಾಗಾದ್ರೆ ದೊರೆ ಕೈ...”

“ಬಾಯ್ಮುಚ್ಚು. ಈ ಮಾತು ನಿನ್ ಬಾಯಿಂದ ಬಿದ್ರೆ ನಾಳೆ ಅಚ್ಚಾಗುತ್ತೆ. ನಿನ್ ಗಂಡ ಬಂದು ಅದನ್ನೂ ಹೊಲೀತಾನೆ.”

ನನಗೆ ನಗು ಬಂತು, ಅಳುವೂ ಬಂತು. ಆದರೂ ಕೇಳದೆ ಬಿಡಲಿಲ್ಲ. “ಸುಳ್ಳು ಹಾಡು ಮಾರ್ತಾ ಇದೀಯಲ್ಲೇ.”

“ಬರೆದಾಗ ನಿಜ ಇತ್ತು. ಆಗ ನನ್ ಕತ್ತು ನಿನ್ ಕತ್ತಿನಷ್ಟೇ ನುಣ್ಣಗಿತ್ತು.” ಅವಳು ಮುದುಕಿಯ ಕೈಯಿಂದ ಬಟ್ಟೆ ತೆಗೆದುಕೊಂಡು ತಾನೇ ಒರೆಸಿಕೊಂಡಳು. “ಈಗ ಇದನ್ನ ಯಾರಾದ್ರೂ ನೋಡಿದ್ರೆ ಏನಾಗುತ್ತೆ ಹೇಳು? ದೊರೆ ಮುಟ್ಟಿದ್ದು ಸುಳ್ಳು ಅಂತ ಆ ಕಡೆಯೋರು ನನ್ ಕತ್ತನ್ನೇ ಕರಪತ್ರ ಮಾಡ್ತಾರೆ. ಮಾಡ್ಲಿ, ಅರಮನೆಯೋರು ತಲೆ ಕೆಡಿಸ್ಕೋತಾರೆ. ಆದ್ರೆ ಹೆಸ್ಟರ್? ಅವಳ ಹುಣ್ಣು ಒಣಗ್ತಿರೋದು ದೊರೆ ಕೈಯಿಂದಲೋ, ನನ್ ಹಾಡಿಂದಲೋ, ಅವಳಮ್ಮ ಹಾಕೋ ಮೊಟ್ಟೆ ಗಂಜಿಯಿಂದಲೋ ನಂಗೊತ್ತಿಲ್ಲ. ‘ನಿನ್ ಥರಾನೇ’ ಅಂದಿದೀನಿ ಅವಳಿಗೆ. ನನ್ ಥರ ಅಂದ್ರೆ ಇದು ಅಂತ ಗೊತ್ತಾದ್ರೆ, ಆ ಮಗು ನಾಳೆಯಿಂದ ಕತ್ತು ಮುಟ್ಟಿ ಮುಟ್ಟಿ ನೋಡ್ಕೊಂಡೇ ಸಾಯುತ್ತೆ.”

“ಹುಡುಗಿಗೋಸ್ಕರ ಅಂತೀಯ. ಹಾಡು ಮಾರಾಟ ಆಗ್ಲಿ ಅಂತಲೂ ಇರ್ಬೋದು.”

“ಎರಡೂ ಅಂತಿಟ್ಕೋ. ನಾನೇನ್ ಸಂತಳಾ? ಗಂಜಿ ಕುಡೀಬೇಡ್ವಾ?”

ಆ ಉತ್ತರ ಕೇಳಿದ ಮೇಲೆಯೇ ನಾನು ಅವಳನ್ನು ನಂಬಿದ್ದು. ‘ಬರೀ ಹುಡುಗಿಗೋಸ್ಕರ’ ಎಂದಿದ್ದರೆ ನಂಬುತ್ತಿರಲಿಲ್ಲ. ಮುದುಕಿಯ ಗೂಡಿನಲ್ಲಿದ್ದ ಬೈಬಲ್ ತಂದು ನನ್ನ ಕೈ ಅದರ ಮೇಲಿಡಿಸಿದಳು. ಹೆಸ್ಟರ್ ಬದುಕಿರುವ ತನಕ ಯಾರಿಗೂ ಬಾಯಿಬಿಡಬಾರದು. ಆಣೆ ಮಾಡಿದೆ.

ಬೀದಿಯ ಬಾಯಿಗೆ ಬೀಗ ಹಾಕುವವರು ಯಾರು? ನಾನು ಹಿಂಬಾಲಿಸಿದ್ದು ಎಲ್ಲರಿಗೂ ಗೊತ್ತಾಗಿತ್ತು. “ಎಲ್ಲಿಗೆ ಹೋದ್ಲು?” ಎಂದು ಕೇಳಿದರು. “ಬಟ್ಟೆ ಅಂಗಡಿಗೆ,” ಅಂದೆ. ಒಬ್ಬರೂ ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ. “ಉರ್ಸುಲಕ್ಕಂಗೂ ಅರಮನೆ ಕಾಸು ಸಿಕ್ತೇನೋ,” ಎಂದು ಬೇಕರಿಯವಳು ನನಗೆ ಕೇಳುವಂತೆಯೇ ಅಂದಳು.

ಬ್ರಿಜೆಟ್‌ಳ ತಮ್ಮ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದ ದಿನ ಎಲ್ಲ ಹೊತ್ತಿಕೊಂಡಿತು. ಥಾಮಸೀನ್ ನೀರಿಗೆಂದು ಬೀದಿಯ ಪಂಪಿನ ಹತ್ತಿರ ಹೋಗಿದ್ದಳು. ನಾನು ಅಂಗಡಿಯಲ್ಲಿ ಗೋಂದು ಕಾಯಿಸುತ್ತಿದ್ದೆ. ಕೂಗಾಟ ಕೇಳಿ ಬಕೆಟ್ ಹಿಡಿದುಕೊಂಡೇ ಓಡಿದೆ. ಹೆಂಗಸರು ಅವಳನ್ನು ಸುತ್ತುವರಿದಿದ್ದರು. ಎಲ್ಲರಿಗಿಂತ ಮುಂದೆ ಬ್ರಿಜೆಟ್. ಅವಳ ಲಂಗಕ್ಕೆ ಅಂಟಿಕೊಂಡು ಹೆಸ್ಟರ್.

“ಗುರುವಾರ ಗುರುವಾರ ಎಲ್ಲಿಗ್ ಹೋಗ್ತೀಯ? ಅದೊಂದ್ ಹೇಳ್ಬಿಡು,” ಎಂದಳು ಬ್ರಿಜೆಟ್. “ನನ್ ಮಗೂನ ಕೈ ಹಿಡ್ದು ಕರ್ಕೊಂಡ್ ಹೋದೋಳು ನೀನು. ನೀನಲ್ಲ ಅಂತ ಹೇಳು, ನಾನ್ ನಂಬ್ತೀನಿ.”

ಥಾಮಸೀನ್ ನೀರಿನ ಪಾತ್ರೆಯನ್ನು ಕೆಳಗಿಟ್ಟಳು.

“ನಾ ಹೇಳ್ತೀನಿ!” ಎಂದು ನಾನು ನುಗ್ಗಿದೆ. ಆಣೆ ಗೀಣೆ ಎಲ್ಲ ಆ ಗಳಿಗೆಯಲ್ಲಿ ಮರೆತಿತ್ತು. “ಅವಳು ಹೋಗೋದು ಹೊಳೆ ಆಚೆ...”

“ಉರ್ಸುಲಾ!” ಎಂದು ಅವಳು ಕಿರುಚಿದಳು. ಅಂಥ ಕಿರುಚನ್ನು ನಾನು ಅವಳಿಂದ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

“ಏನೋ ಬಚ್ಚಿಟ್ಟವ್ಳೆ,” ಎಂದಳು ಬೇಕರಿಯವಳು. “ಆ ಬಟ್ಟೆ ಕೆಳಗೇ ಇರೋದು. ಕಾಗದಾನೋ, ಮುದ್ರೆನೋ. ಬಿಚ್ರೇ ಅದನ್ನ!”

ಬ್ರಿಜೆಟ್‌ಳ ಕೈ ಕೊರಳ ಬಟ್ಟೆಗೆ ಬಂತು. ಹೆಸ್ಟರ್ ಕತ್ತೆತ್ತಿ, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳ ಮುಷ್ಟಿಯಲ್ಲಿ ಅವಳ ಬಿಲ್ಲೆ. ಥಾಮಸೀನ್ ಆ ಮುಷ್ಟಿಯನ್ನೇ ನೋಡಿದಳು. ಆಮೇಲೆ ಎರಡೂ ಕೈಯಿಂದ ಬಟ್ಟೆಯನ್ನು ಗದ್ದಕ್ಕೆ ಒತ್ತಿ ಹಿಡಿದು, ಬೀದಿಯ ಕೊನೆಗೂ ಕೇಳುವಂತೆ ಹೇಳಿದಳು:

“ಹೌದು. ನಾನೇ. ಅರಮನೆಗೇ ಹೋಗ್ತಿದ್ದೆ. ಜಾಬೆಜ್ ಹೆಸರು ಹೇಳಿದ್ದೂ ನಾನೇ, ನಿನ್ ತಮ್ಮನ್ ಹೆಸರು ಹೇಳಿದ್ದೂ ನಾನೇ. ಇನ್ನೇನ್ ಬೇಕು? ಇದರ ಕೆಳಗೆ ಕತ್ತು ಬಿಟ್ರೆ ಏನೂ ಇಲ್ಲ.”

ಬ್ರಿಜೆಟ್‌ಳ ಕೈ ಬಟ್ಟೆ ಬಿಟ್ಟು ಥಾಮಸೀನಳ ಕೂದಲಿಗೆ ಹೋಯಿತು. ಇನ್ನು ಬಚ್ಚಿಟ್ಟದ್ದನ್ನು ಹುಡುಕುವ ಅಗತ್ಯ ಯಾರಿಗೂ ಇರಲಿಲ್ಲ. ಪಂಪಿನ ಬಾಯಿಗೆ ಅವಳನ್ನು ಬಗ್ಗಿಸಿ, ಇಬ್ಬರು ಹಿಡಿ ಜಗ್ಗಿದರು. ನಾನು ಬಿಸಿ ಗೋಂದಿನ ಬಕೆಟ್ಟನ್ನು ಬೇಕರಿಯವಳ ಬೆನ್ನಿಗೆ ಸುರಿದೆ. ನಾಲ್ಕು ಜನ ನನ್ನನ್ನು ಗೋಡೆಗೆ ಒತ್ತಿ ಹಿಡಿದರು. ನೀರು ಮುಖಕ್ಕೆ, ಮೂಗಿಗೆ, ಬಾಯಿಗೆ ಹೊಡೆಯುತ್ತಿದ್ದರೂ ಥಾಮಸೀನ್ ಒಂದು ಸಲವೂ ಮುಖಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ಎರಡೂ ಕೈ ಕೊರಳಲ್ಲೇ ಇದ್ದವು. ಬಿಟ್ಟಮೇಲೆ ಕೆಮ್ಮುತ್ತಾ ಎದ್ದು ನಿಂತಳು. ಹೆಸ್ಟರ್ ಮುಂದೆ ಬಂದು ಅವಳ ಲಂಗದ ಮೇಲೆ ಉಗಿದಳು. ಅವತ್ತೇ ಮಧ್ಯಾಹ್ನ ಒಂದು ಗಂಟು ಬಟ್ಟೆ ಹೊತ್ತು ಥಾಮಸೀನ್ ಸೇತುವೆ ದಾಟಿದಳು.

ಚಳಿಗಾಲದ ಹೊತ್ತಿಗೆ ಜಾಬೆಜ್‌ನನ್ನು ಬೈದು, ಬೆದರಿಸಿ, ಒಂದು ಕೆಮ್ಮು ಅಂಟಿಸಿ ಮನೆಗೆ ಕಳಿಸಿದರು. ಯಾರು ಹೇಳಿಕೊಟ್ಟರೆಂದು ಅವನಿಗೆ ಅಲ್ಲಿ ತಿಳಿದಿತ್ತು. ನಾನು ಸೌಟು ಹಿಡಿದು ನಿಂತ ಮೇಲೆ ಹೇಳಿದ.

“ಯಾರೂ ಹೇಳಿಲ್ಲ ಕಣೇ. ಪುಸ್ತಕಾನೇ ಹೇಳ್ತು.”

ನಮ್ಮ ಕಸುಬಿನಲ್ಲಿ ಕೆಟ್ಟ ಹಾಳೆಗಳನ್ನು ಹರಿದು, ಪುಸ್ತಕದ ಬೆನ್ನೊಳಗೆ ಬಿಗಿಗೆಂದು ಅಂಟಿಸುವುದು ಎಲ್ಲರೂ ಮಾಡುವುದೇ. ಆ ಕರಪತ್ರದ ಕೆಟ್ಟ ಹಾಳೆಗಳನ್ನು ಸುಡಬೇಕಿತ್ತು. ನನ್ನ ಜುಗ್ಗ ಗಂಡ ಸುಡದೆ, ಒಬ್ಬ ದೊಡ್ಡ ಅಧಿಕಾರಿಯ ಪ್ರಾರ್ಥನಾ ಪುಸ್ತಕದ ಬೆನ್ನಿಗೆ ಹಾಕಿದ್ದ. ಗೋಂದಿಗೆ ನೀರು ಬೇರೆ. ಚರ್ಚಿನಲ್ಲಿ ಆ ಮಹಾನುಭಾವ ದೊರೆಗಾಗಿ ಪ್ರಾರ್ಥಿಸಲು ಪುಸ್ತಕ ಬಿಚ್ಚಿದಾಗ ಬೆನ್ನು ಬಿಟ್ಟುಕೊಂಡು, ‘ದೊರೆಯ ತಮ್ಮನಿಗೆ ಪಟ್ಟ ಕೂಡದು’ ಎಂಬ ಸೀಳು ಅವನ ತೊಡೆಯ ಮೇಲೆ ಬಿತ್ತು. ರಟ್ಟು ಕಟ್ಟಿದವನು ಯಾರೆಂದು ಕೇಳಿದರೆ ಮುಗಿಯಿತು. ತಪಾಸಣೆಯವರು ಬಂದಾಗ ಬ್ರಿಜೆಟ್‌ಳ ತಮ್ಮ ಬುಟ್ಟಿಗೆ ಕರಪತ್ರ ತುಂಬಿಕೊಳ್ಳಲೆಂದು ಅಂಗಡಿಯ ಹೊರಗೇ ನಿಂತಿದ್ದ.

ಆ ಸೌಟು ಅವನ ತಲೆಯ ಮೇಲೆ ಮುರಿಯಿತು. ಕಿವಿ ಹಿಡಿದು ಬೀದಿಗೆ ಎಳೆದುಕೊಂಡು ಹೋಗಿ, ಪ್ರತಿ ಮನೆಯ ಮುಂದೆ ನಿಲ್ಲಿಸಿ ಆ ಕಥೆ ಹೇಳಿಸಿದೆ. ಈಗಲಾದರೂ ಥಾಮಸೀನಳ ಹೆಸರು ತೊಳೆದುಹೋಗುತ್ತದೆ ಎಂದುಕೊಂಡೆ. ಬೀದಿಯವರು ಕೇಳಿದರು, ನಕ್ಕರು, ಜಾಬೆಜ್‌ನನ್ನು ಹೀಯಾಳಿಸಿದರು. ಆಮೇಲೆ ಬೇಕರಿಯವಳು ಕೇಳಿದಳು, “ಹಂಗಾದ್ರೆ ಅವಳ್ಯಾಕೆ ಒಪ್ಕೊಂಡ್ಲು? ಮಾಡ್ದೇ ಇರೋದನ್ನ ಸುಮ್ ಸುಮ್ನೆ ಯಾರಾದ್ರೂ ಒಪ್ಕೋತಾರಾ?”

ಬೈಬಲ್ಲಿನ ಆಣೆ ನೆನೆದು ಜಾಬೆಜ್‌ನ ಕಿವಿಯನ್ನು ಇನ್ನೊಂದು ಸುತ್ತು ತಿರುಚಿದೆ. “ಇದಲ್ದಿದ್ರೆ ಇನ್ನೇನೋ ದೊಡ್ದಿರ್ಬೇಕು,” ಎಂದರು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ತಲೆ ತೂಗಿದರು. ಒಂದು ತಿಂಗಳಲ್ಲಿ ಅವಳು ಫ್ರಾನ್ಸಿನ ದೊರೆಗೂ ಗುಟ್ಟು ಮಾರುತ್ತಿದ್ದಳು ಎಂಬಲ್ಲಿಗೆ ಬಂದು ನಿಂತಿತ್ತು. ಹಾಡು ಕೂಡ ಅವಳದ್ದಲ್ಲವಂತೆ, ಅರಮನೆಯಲ್ಲಿ ಯಾರೋ ಪಾದ್ರಿ ಬರೆದುಕೊಟ್ಟನಂತೆ, ಹೆಂಗಸಿಗೆಲ್ಲಿ ಬರುತ್ತೆ ಅಂಥ ಪದ ಎಂದರು. ಹಾಳೆಯ ಮೇಲೆ ಅವಳ ಹೆಸರಿರಲಿಲ್ಲವಲ್ಲ.

ಆ ವರ್ಷದ ಕೊನೆಗೆ ಹೆಸ್ಟರಳ ಅಪ್ಪ ಕುಡಿತದ ಕಾಸಿಗೆಂದು, ಮಲಗಿದ್ದ ಮಗಳ ಕೊರಳಿಂದ ಬಿಲ್ಲೆ ಕತ್ತರಿಸಿ ಅಕ್ಕಸಾಲಿಗನಿಗೆ ಮಾರಿಬಿಟ್ಟ. ಹುಡುಗಿ ಊಟ ಬಿಟ್ಟಳು. ಗಳಿಗೆಗೊಮ್ಮೆ ಕತ್ತು ಮುಟ್ಟಿ ನೋಡಿಕೊಂಡು, “ಬರ್ತಾ ಇದೆ, ಬರ್ತಾ ಇದೆ,” ಎನ್ನುತ್ತಿದ್ದಳು. ನಿಜಕ್ಕೂ ಒಂದು ಗಂಟು ಎದ್ದಿತ್ತು. ಬ್ರಿಜೆಟ್ ಗೋಡೆಗೆ ತಲೆ ಚಚ್ಚಿಕೊಂಡಳು. ಒಮ್ಮೆ ಮುಟ್ಟಿಸಿಕೊಂಡವರಿಗೆ ಪಾದ್ರಿ ಮತ್ತೆ ಚೀಟಿ ಕೊಡುವುದಿಲ್ಲ.

ನಾನು ಸದರ್ಕಿಗೆ ಹೋದೆ. ಥಾಮಸೀನ್ ಆ ಮುದುಕಿಯ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಅಲ್ಲಿ ಕೊರಳಿಗೆ ಬಟ್ಟೆ ಇರಲಿಲ್ಲ. ಕತ್ತು ಹೊರಳಿಸಲಾಗದೆ ಇಡೀ ಮೈ ತಿರುಗಿಸಿ ನನ್ನನ್ನು ನೋಡಿದಳು. ನಾನು ಹೇಳಿ ಮುಗಿಸುವ ಮೊದಲೇ ಅವಳ ಬೆರಳು ರಿಬ್ಬನ್ನಿನ ಗಂಟಿನ ಮೇಲಿತ್ತು.

“ತೆಗೀಬೇಡ್ವೇ,” ಅಂದೆ. “ನಿಂಗೆ ಇನ್ನೂ ಜಾಸ್ತಿಯಾದ್ರೆ?”

“ಇನ್ನೆಷ್ಟು ಜಾಸ್ತಿ ಆಗುತ್ತೆ ಉರ್ಸುಲಕ್ಕ? ನನ್ ಕತ್ತಲ್ಲಿ ಇದಕ್ಕೆ ಕೆಲ್ಸ ಮುಗೀತು. ಅವಳ್ ಕತ್ತಲ್ಲಿ ಮಾಡ್ಲಿ.” ಬಿಲ್ಲೆಯನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ನನ್ನ ಅಂಗೈಯಲ್ಲಿಟ್ಟಳು. “ಎಲ್ಲಿಂದ ಬಂತು ಅಂತ ಹೇಳ್ಬಿಟ್ಟೀಯ ಮತ್ತೆ.”

ಅದಿಲ್ಲದ ಅವಳ ಕೊರಳನ್ನು ನೋಡಲು ನನ್ನಿಂದ ಆಗಲಿಲ್ಲ. ದಾರಿಯುದ್ದಕ್ಕೂ ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅಕ್ಕಸಾಲಿಗ ಕರಗಿಸುವ ಮೊದಲೇ ನಾನು ಬಿಡಿಸಿಕೊಂಡೆ ಎಂದು ಬ್ರಿಜೆಟ್‌ಗೆ ಸುಳ್ಳು ಹೇಳಿದೆ. ಉರ್ಸುಲಕ್ಕನಿಗೆ ಅಷ್ಟು ದುಡ್ಡು ಎಲ್ಲಿಂದ ಬಂತು ಎಂದು ಬೀದಿಯಲ್ಲಿ ಇನ್ನೂ ಮಾತಾಡಿಕೊಳ್ಳುತ್ತಾರೆ. ಹೊಸ ರಿಬ್ಬನ್ನಿನಲ್ಲಿ ಬಿಲ್ಲೆ ಕೊರಳಿಗೆ ಬಿದ್ದ ಮೇಲೆ ಹೆಸ್ಟರ್ ಉಂಡಳು. ಆ ಗಂಟು ಕರಗಿತು. ಮತ್ತೆ ಏಳಲಿಲ್ಲ.

ಚಾರ್ಲ್ಸ್ ದೊರೆ ಸತ್ತು ಊರೆಲ್ಲ ಗಂಟೆ ಬಾರಿಸಿದ ಚಳಿಗಾಲದಲ್ಲೇ ಥಾಮಸೀನ್ ಕೂಡ ಸತ್ತಳು. ದೊರೆಗೆ ಅವಳು ಯಾರೆಂದು ಗೊತ್ತಿತ್ತೋ ಇಲ್ಲವೋ. ಲಕ್ಷ ಕೊರಳು ಸವರಿದವನಿಗೆ ಒಂದು ಕೊರಳ ನೆನಪು ಎಲ್ಲಿರುತ್ತದೆ? ಹೆಣ ತೊಳೆಯಲು ಬಂದ ಹೆಂಗಸರನ್ನು ನಾನು ಒಳಗೆ ಬಿಡಲಿಲ್ಲ. ನಾನೇ ತೊಳೆದೆ, ಕೊರಳ ಬಟ್ಟೆಯನ್ನು ಗದ್ದದ ತನಕ ಸುತ್ತಿ ಹಿಂದೆ ಗಂಟು ಹಾಕಿದೆ.

ದೊರೆಯ ತಮ್ಮನನ್ನು ಓಡಿಸಿ ಪಟ್ಟಕ್ಕೆ ಬಂದ ಈಗಿನ ಡಚ್ ದೊರೆ ಯಾರನ್ನೂ ಮುಟ್ಟುವುದಿಲ್ಲ, ಅದೆಲ್ಲ ಮೂಢನಂಬಿಕೆ ಎನ್ನುತ್ತಾನಂತೆ. ಇರಬಹುದು. ನನಗೆ ಹಳೆಯ ದೊರೆಯ ಮೇಲೂ ಅನುಮಾನ, ಹೊಸ ದೊರೆಯ ಮೇಲೂ ಅನುಮಾನ.

ಕಳೆದ ವಾರ ಹೆಸ್ಟರ್ ಬಂದಿದ್ದಳು. ಹಗ್ಗ ಹೊಸೆಯುವವನನ್ನು ಮದುವೆಯಾಗಿದ್ದಾಳೆ, ಬಸುರಿ, ಬ್ರಿಸ್ಟಲ್ಲಿಗೆ ಹೊರಟಿದ್ದಳು. ಬಿಲ್ಲೆಯ ರಿಬ್ಬನ್ ಸವೆದಿದೆ, ನಿಮ್ಮ ಹೊಲಿಗೆಯ ಗಟ್ಟಿ ದಾರದಲ್ಲಿ ಪೋಣಿಸಿಕೊಡಿ ಎಂದಳು. ನಾನು ಪೋಣಿಸುತ್ತಿದ್ದಾಗ ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅದೇ ಹಾಡು ಗುನುಗುತ್ತಿದ್ದಳು. ಒಂದು ಪದವನ್ನೂ ತಪ್ಪಿಸಲಿಲ್ಲ.

“ಅತ್ತೆ,” ಎಂದಳು ನಡುವೆ. “ಆ ಗೂಢಚಾರಿಣಿ ಸತ್ತಾಗ ನೀವು ಹೋಗಿ ಅತ್ರಂತೆ? ಅಮ್ಮ ಹೇಳ್ತಿದ್ಲು. ಅಂಥೋಳಿಗೋಸ್ಕರ ಯಾಕತ್ತೆ?”

“ಯಾರ್ ಹೇಳಿದ್ದು? ಗೋಂದಿನ ಹಬೆ ಕಣೇ ಅದು. ಈ ವಯಸ್ಸಲ್ಲಿ ಕಣ್ಣು ತಡೆಯಲ್ಲ,” ಎಂದೆ.

ಅವಳು ಬೆನ್ನು ತಿರುಗಿಸಿ ಕೂದಲು ಮೇಲಕ್ಕೆತ್ತಿ ಹಿಡಿದಳು. ಕತ್ತು ನುಣ್ಣಗಿತ್ತು. ಹುಣ್ಣಿದ್ದ ಗುರುತೂ ಉಳಿದಿರಲಿಲ್ಲ. ಥಾಮಸೀನಳ ಬಿಲ್ಲೆಯನ್ನು ಅವಳ ಕೊರಳಿಗೆ ಹಾಕಿ, ದಾರಕ್ಕೆ ಎರಡು ಗಂಟು ಹಾಕಿದೆ.

“ಬಿಗಿಯಾಗಿ ಹಾಕಿ ಅತ್ತೆ, ಬಿಚ್ಚಿ ಹೋಗ್ಬಾರ್ದು,” ಎಂದಳು.

ಇನ್ನೊಂದು ಗಂಟು ಹಾಕಿದೆ.